ಒಂದು ಪಂಕ್ತಿ, ಹಲವು ನೇಮ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಊಟದ ತಕರಾರಿನವು. ಬೇರೆ ಬೇರೆ ಧರ್ಮದವರು ಒಂದೇ ಕಚೇರಿ, ಒಂದೇ ಅಡುಗೆಮನೆ, ಒಂದೇ ಕ್ಯಾಂಟೀನು ಹಂಚಿಕೊಂಡಾಗ ಏಳುವ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಚೇರಿಯಲ್ಲಿ 40 ಮಂದಿಗೆ ಊಟ ಹಾಕಿಸಿದೆವು. ವೆಜ್, ನಾನ್‌ವೆಜ್ ಎಂದು ಎರಡು ಮೇಜು ಇಟ್ಟಿದ್ದೆವು. ಆದರೂ ಐದಾರು ಜನ ಬರೀ ಹಣ್ಣು ತಿಂದು ಎದ್ದುಹೋದರು. ನಿಮ್ಮ ಧರ್ಮ ಯಾವುದು ಎಂದು ಕೇಳಲು ಮುಜುಗರ. ಮುಂದಿನ ಸಲ ಏನು ಮಾಡೋಣ?

ಉತ್ತರ: ಧರ್ಮ ಕೇಳಬೇಡಿ, ಕೇಳಿದರೂ ಪ್ರಯೋಜನವಿಲ್ಲ. ಒಂದೇ ಧರ್ಮದ ಇಬ್ಬರ ತಟ್ಟೆ ಒಂದೇ ತರಹ ಇರುವುದಿಲ್ಲ. ಕೇಳಬೇಕಾದ್ದು ಮೂರೇ ಮಾತು: ಏನನ್ನು ತಿನ್ನುವುದಿಲ್ಲ? ಆ ನಿಷೇಧ ಪಾತ್ರೆ, ಸೌಟಿಗೂ ಉಂಟೇ? ಆ ದಿನ ಉಪವಾಸವೋ ವ್ರತವೋ ಇದೆಯೇ? ಒಂದು ವಾರ ಮೊದಲೇ ಎಲ್ಲರಿಗೂ ಒಂದೇ ಚೀಟಿ ಕೊಡಿ. ಅಲರ್ಜಿಯ ವಿಷಯವನ್ನೂ ಅದರಲ್ಲೇ ಸೇರಿಸಿ. ಆಗ ಯಾರಿಗೂ ತಮ್ಮನ್ನೇ ಬೊಟ್ಟು ಮಾಡಿ ತೋರಿಸಿದಂತೆ ಅನಿಸುವುದಿಲ್ಲ.

ಎರಡು ಮೇಜು ಏಕೆ ಸಾಲಲಿಲ್ಲ ನೋಡಿ. ವೆಜ್ ಮೇಜಿನ ಪಲ್ಯದಲ್ಲಿ ಆಲೂಗಡ್ಡೆ, ಈರುಳ್ಳಿ, ಕ್ಯಾರೆಟ್ ಇದ್ದರೆ ನೇಮ ಪಾಲಿಸುವ ಜೈನರು ಅದನ್ನು ಮುಟ್ಟುವುದಿಲ್ಲ. ನೆಲದಡಿಯ ಗಡ್ಡೆ, ಬೇರು ಅವರಿಗೆ ಆಗದು. ಸೂರ್ಯಾಸ್ತದ ಮೇಲೆ ಉಣ್ಣದವರೂ ಅವರಲ್ಲಿದ್ದಾರೆ. ರಾತ್ರಿ ಎಂಟಕ್ಕೆ ಔತಣವಿಟ್ಟರೆ ಅಂಥವರನ್ನು ಕರೆಯದೇ ಇದ್ದಂತೆಯೇ. ಚೀನೀ ಪರಂಪರೆಯ ಬೌದ್ಧ ಸಸ್ಯಾಹಾರಿಗಳು ಈರುಳ್ಳಿ, ಬೆಳ್ಳುಳ್ಳಿಯ ಜಾತಿಯನ್ನು ಬಿಡುತ್ತಾರೆ. ಅವರ ನಿಷಿದ್ಧ ಪಟ್ಟಿಯಲ್ಲಿ ಇಂಗೂ ಇದೆ. ಬೆಳ್ಳುಳ್ಳಿ ಬೇಡವೆಂದವರಿಗೆ ಇಂಗಿನ ಒಗ್ಗರಣೆ ಕೊಟ್ಟು ಗೆದ್ದೆವೆಂದುಕೊಳ್ಳುವ ಅಡುಗೆಯವರು ಎಡವುವುದು ಇಲ್ಲೇ. ಇಥಿಯೋಪಿಯಾದ ಆರ್ಥಡಾಕ್ಸ್ ಕ್ರೈಸ್ತರಲ್ಲಿ ನೇಮದವರು ಬುಧವಾರ ಮತ್ತು ಶುಕ್ರವಾರ ಮಾಂಸದ ಜೊತೆಗೆ ಹಾಲು, ಬೆಣ್ಣೆ, ಮೊಟ್ಟೆಯನ್ನೂ ಬಿಡುತ್ತಾರೆ. ಈಸ್ಟರ್ ನಂತರದ 50 ದಿನ ಮಾತ್ರ ವಿನಾಯಿತಿ.

ಇನ್ನು ಮಾಂಸದ ಮೇಜು. ದನವೂ ಹಂದಿಯೂ ಬೇಡ, ಕೋಳಿ ಇಟ್ಟರೆ ಎಲ್ಲರಿಗೂ ಆಯಿತು ಎಂಬ ನಂಬಿಕೆಯೊಂದಿದೆ. ಮುಸ್ಲಿಮರಿಗೆ ಕೋಳಿಯೂ ಹಲಾಲ್ ಆಗಿರಬೇಕು. ಹಾಗೆಂದು ಇದ್ದಬದ್ದ ಮಾಂಸವನ್ನೆಲ್ಲ ಹಲಾಲ್ ಮಾಡಿಸಿದರೆ ಅಮೃತ ದೀಕ್ಷೆ ಪಡೆದ ಸಿಖ್ಖರಿಗೆ ಅದು ‘ಕುಠಾ’, ನಿಷಿದ್ಧ. ಇಬ್ಬರಿಗೂ ಒಪ್ಪುವ ಮಾಂಸ ಹುಡುಕುತ್ತ ಕೂರಬೇಡಿ. ಯಾವುದು ಹೇಗೆ ಕಡಿದದ್ದು ಎಂದು ಚೀಟಿಯಲ್ಲಿ ಬರೆದಿಡಿ, ಆಯ್ಕೆ ಅವರದು.

ಅಡುಗೆಯ ವಿಷಯಕ್ಕೆ ಬಂದರೆ, ಒಂದು ಮೂಲ ಅಡುಗೆ ಇಟ್ಟುಕೊಳ್ಳಿ: ಧಾನ್ಯ, ಬೇಳೆ, ನೆಲದ ಮೇಲೆ ಬೆಳೆದ ತರಕಾರಿ, ಸಸ್ಯದ ಎಣ್ಣೆ. ಈರುಳ್ಳಿ, ಬೆಳ್ಳುಳ್ಳಿ, ಇಂಗು, ಹಾಲು, ಮೊಟ್ಟೆ ಏನೂ ಬೇಡ. ಮೊಸರು, ಹುರಿದ ಈರುಳ್ಳಿ, ಬೇಯಿಸಿದ ಮೊಟ್ಟೆ, ಮಾಂಸ ಎಲ್ಲವೂ ಪಕ್ಕದಲ್ಲಿ ಬೇರೆ ಬೇರೆ ಬಟ್ಟಲಲ್ಲಿರಲಿ, ಬೇಕಾದವರು ಹಾಕಿಕೊಳ್ಳಲಿ. ಮೊದಲು ಬೆರೆಸಿಬಿಟ್ಟದ್ದನ್ನು ಆಮೇಲೆ ಯಾರಿಂದಲೂ ತೆಗೆಯಲಾಗದು.

ಅಳತೆಯಲ್ಲಿ ಎಲ್ಲರೂ ಮಾಡುವ ತಪ್ಪು ಇದು: ವಿಶೇಷ ಊಟ ಕೇಳಿದವರು 12 ಮಂದಿಯಾದರೆ 12 ಮಂದಿಗೇ ಮಾಡಿಸುತ್ತಾರೆ. ಉಳಿದವರೂ ರುಚಿಗೆಂದು ಎರಡು ಸೌಟು ಬಡಿಸಿಕೊಳ್ಳುತ್ತಾರೆ, ಕೇಳಿದವರ ಸರದಿ ಬರುವಷ್ಟರಲ್ಲಿ ಪಾತ್ರೆ ಖಾಲಿ. 18 ಮಂದಿಗೆ ಮಾಡಿಸಿ, ಕೇಳಿದವರನ್ನು ಮೊದಲು ಕರೆಯಿರಿ. ಪ್ರತಿ ಪಾತ್ರೆಗೂ ಅದರದೇ ಸೌಟು, ಮಾಂಸದ ಪಾತ್ರೆ ಸಾಲಿನ ಕೊನೆಗೆ. ಮಾಂಸ ಮೊದಲಿಗಿದ್ದರೆ ಅದರ ಸೌಟು ಅನ್ನದ ಪಾತ್ರೆಗೆ ಇಳಿಯಲು ಐದು ನಿಮಿಷ ಸಾಕು.

ಯೆಹೂದಿ ಸಹೋದ್ಯೋಗಿ ಕೋಷರ್ ಊಟ, ಅಂದರೆ ತಮ್ಮ ಧರ್ಮದ ಆಹಾರ ನೇಮಕ್ಕೆ ಒಪ್ಪುವ ಊಟ, ಕೇಳಿದರೆ ನಿಮ್ಮ ಅಡುಗೆಮನೆಯಲ್ಲಿ ಮಾಡಹೋಗಬೇಡಿ, ಸಾಮಾನು ಎಷ್ಟೇ ಶುದ್ಧವಾಗಿದ್ದರೂ ಪಾತ್ರೆ, ಒಲೆ ಆಗುವುದಿಲ್ಲ. ಪ್ರಮಾಣೀಕರಿಸಿದ, ಸೀಲ್ ಮಾಡಿದ ಪೊಟ್ಟಣ ತರಿಸಿ. ಬಿಸಿ ಮಾಡುವಾಗಲೂ ಎರಡು ಪದರದ ಸುತ್ತು ಹಾಗೇ ಇರಲಿ. ಸೀಲ್ ಒಡೆಯುವುದು ಉಣ್ಣುವವರ ಕೆಲಸ. ಸಹಾಯ ಮಾಡಲೆಂದು ನೀವೇ ಬಿಚ್ಚಿ ತಟ್ಟೆಗೆ ಹಾಕಿದರೆ ಆ ಊಟ ಹಾಳಾಯಿತೆಂದೇ ಲೆಕ್ಕ.

ಪ್ರಶ್ನೆ: ಅಡುಗೆಗೆ ಹಾಕಿದ ವೈನ್ ಕುದಿದು ಆವಿಯಾಗಿ ಹೋಗುತ್ತದೆ. ಹಾಗಿದ್ದೂ ಮುಸ್ಲಿಂ ಗೆಳೆಯ ಬೇಡವೆಂದ. ಅತಿಯಾಯಿತಲ್ಲವೇ?

ಉತ್ತರ: ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ, ಬೆರೆಸಿ 15 ನಿಮಿಷ ಕುದಿಸಿದರೆ ಮದ್ಯಸಾರದ ಸುಮಾರು 40 ಶೇಕಡಾ ಉಳಿಯುತ್ತದೆ, ಅರ್ಧ ಗಂಟೆಗೆ 35, ಒಂದು ಗಂಟೆಗೆ 25, ಎರಡೂವರೆ ಗಂಟೆಗೆ 5. ಮದ್ಯ ಸುರಿದು ಬೆಂಕಿ ಹೊತ್ತಿಸುವ ಖಾದ್ಯದಲ್ಲಂತೂ ಮುಕ್ಕಾಲು ಭಾಗ ಉಳಿದೇ ಇರುತ್ತದೆ. ಪೂರ್ತಿ ಆವಿಯಾದರೂ, ಹಾಕಿದ್ದೇ ತಪ್ಪು ಎನ್ನುವವರಿದ್ದಾರೆ. ಅದು ರಸಾಯನಶಾಸ್ತ್ರದ ವಾದವಲ್ಲ. ಅತಿಯೋ ಅಲ್ಲವೋ ಎಂದು ತೀರ್ಮಾನಿಸುವುದು ಬಡಿಸುವವರ ಕೆಲಸವೂ ಅಲ್ಲ.

ಪ್ರಶ್ನೆ: ಪೊಟ್ಟಣದ ಮೇಲೆ ಮಾಂಸದ ಹೆಸರೇ ಇಲ್ಲ, ಆದರೂ ತಿನ್ನಲು ಹಿಂಜರಿಯುತ್ತಾರೆ. ಏನು ನೋಡಬೇಕು?

ಉತ್ತರ: ಮೊದಲು ಜೆಲಟಿನ್. ಜೆಲ್ಲಿ, ಮಾರ್ಷ್‌ಮೆಲೋ, ಕೆಲವು ಮೊಸರು, ಔಷಧದ ಕ್ಯಾಪ್ಸೂಲ್ ಇವುಗಳಲ್ಲಿ ಇರುವುದುಂಟು. ಹಂದಿಯ ಚರ್ಮ ಇಲ್ಲವೇ ದನದ ಚರ್ಮ, ಮೂಳೆಯಿಂದ ಬರುತ್ತದೆ. ಚೀಸ್‌ನಲ್ಲಿ ರೆನೆಟ್, ಅಂದರೆ ಹಾಲನ್ನು ಗಟ್ಟಿ ಮಾಡುವ ಪದಾರ್ಥ, ನೋಡಿ. ಕರುವಿನ ಹೊಟ್ಟೆಯಿಂದ ತೆಗೆದದ್ದೂ ಇದೆ, ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದೂ ಇದೆ. ಇಟಲಿಯ ಪಾರ್ಮಿಜಾನೊ ರೆಜಾನೊದಲ್ಲಿ ಕರುವಿನದೇ ಇರಬೇಕೆಂಬುದು ನಿಯಮ. ಅದನ್ನು ಸಸ್ಯಾಹಾರವೆಂದು ಕೊಡಬೇಡಿ. ಪೊಟ್ಟಣದ ಮೇಲೆ ಬರೆಯುವ ಸೇರ್ಪಡೆಗಳ ಸಂಕೇತಗಳಲ್ಲಿ ಇ120 ಎಂಬ ಕೆಂಪು ಬಣ್ಣ ಹುಳದಿಂದ, ಇ904 ಹೊಳಪು ಅರಗಿನ ಕೀಟದಿಂದ. ಎಣ್ಣೆ, ನೀರು ಬೇರೆಯಾಗದಂತೆ ಹಿಡಿದಿಡುವ ಇ471 ಸಸ್ಯದ್ದೂ ಇರಬಹುದು, ಪ್ರಾಣಿಯ ಕೊಬ್ಬಿನದ್ದೂ ಇರಬಹುದು. ತಯಾರಕರನ್ನು ಕೇಳದೆ ಗೊತ್ತಾಗದು. ವೂಸ್ಟರ್ ಸಾಸ್‌ನ ಮೂಲ ಪಾಕದಲ್ಲಿ ಮೀನಿದೆ. ಶುದ್ಧ ವೆನಿಲಾ ಎಕ್ಸ್‌ಟ್ರಾಕ್ಟ್ ಎಂದರೆ ಕನಿಷ್ಠ 35 ಶೇಕಡಾ ಮದ್ಯಸಾರ ಇರಬೇಕೆಂಬುದು ಅಮೆರಿಕದ ಮಾನದಂಡ. ಸೂಪಿನ ಪುಡಿಯನ್ನಂತೂ ಯಾರೂ ಓದುವುದೇ ಇಲ್ಲ, ‘ತರಕಾರಿ ಸೂಪು’ ಕೋಳಿಯ ಸಾರದಲ್ಲಿ ಬೆಂದಿರುವುದು ಹೀಗೆಯೇ.

ಕ್ಯಾಪ್ಸೂಲ್ ಬಗ್ಗೆ ಒಂದು ಮಾತು: ಜೆಲಟಿನ್ ಇದೆಯೆಂದು ಔಷಧ ನಿಲ್ಲಿಸಬೇಡಿ. ಮಾತ್ರೆಯ ರೂಪದಲ್ಲೋ ಸಸ್ಯಮೂಲದ ಕ್ಯಾಪ್ಸೂಲ್‌ನಲ್ಲೋ ಅದೇ ಔಷಧ ಸಿಗುತ್ತದೆಯೇ ಎಂದು ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳಿ.

ಪ್ರಶ್ನೆ: ನಾಲ್ವರು ಒಂದೇ ಮನೆಯಲ್ಲಿ ಬಾಡಿಗೆಗಿದ್ದೇವೆ. ನನ್ನ ಬಾಣಲೆಯಲ್ಲಿ ಹಂದಿಮಾಂಸ ಹುರಿದರೆಂದು ಒಬ್ಬ, ಅವನ ಮೀನಿನ ವಾಸನೆಯೆಂದು ಇನ್ನೊಬ್ಬ, ದಿನಾ ಜಗಳ.

ಉತ್ತರ: ಎರಡನ್ನೂ ಬೇರೆ ಮಾಡಿ. ಬಾಣಲೆಯದು ನೇಮದ ವಿಷಯ, ವಾಸನೆಯದು ಗಾಳಿಯ ವಿಷಯ. ವಾಸನೆಗೆ ಎಕ್ಸಾಸ್ಟ್ ಫ್ಯಾನು, ತೆರೆದ ಕಿಟಕಿ ಮತ್ತು ಇಂತಿಷ್ಟು ಹೊತ್ತಿನೊಳಗೆ ಮೀನು ಹುರಿಯುವುದು ಮುಗಿಯಬೇಕೆಂಬ ಒಪ್ಪಂದ ಸಾಕು. ಬಾಣಲೆಗೆ ಒಪ್ಪಂದ ಸಾಲದು, ಬೇರೆ ಬಾಣಲೆಯೇ ಬೇಕು.

ನಮ್ಮ ಮಟ್ಟಿಗೆ ಜಗಳದ ಬೇರು ಬಾಣಲೆಯಲ್ಲೂ ಇಲ್ಲ, ಸಿಂಕಿನ ಪಕ್ಕದ ಸ್ಪಂಜಿನಲ್ಲಿದೆ. ಪಾತ್ರೆ ಬೇರೆ ಬೇರೆ ಇಟ್ಟು ತಿಕ್ಕುವ ಸ್ಪಂಜು ಒಂದೇ ಇಟ್ಟರೆ ಕೊಬ್ಬಿನ ಜಿಡ್ಡು ಎಲ್ಲ ಪಾತ್ರೆಗೂ ತಾಗುತ್ತದೆ. ಎರಡು ಬಣ್ಣದ ಸ್ಪಂಜು, ಎರಡು ಒರೆಸುವ ಬಟ್ಟೆ ಇಡಿ. ತರಕಾರಿ ಹೆಚ್ಚುವ ಮಣೆ, ಮರದ ಸೌಟು, ನಾನ್‌ಸ್ಟಿಕ್ ಕಾವಲಿ ಹಂಚಿಕೊಳ್ಳಲೇಬೇಡಿ. ಮರ ಹೀರುತ್ತದೆ, ಗೀರುಬಿದ್ದ ಲೇಪ ಜಿಡ್ಡು ಹಿಡಿಯುತ್ತದೆ. ಕರಿದ ಎಣ್ಣೆಯನ್ನು ಇನ್ನೊಬ್ಬರ ಅಡುಗೆಗೆ ಬಳಸಬೇಡಿ. ಫ್ರಿಜ್‌ನಲ್ಲಿ ಹಸಿ ಮಾಂಸ ಕೆಳಗಿನ ಅಂಕಣದಲ್ಲಿ, ಮುಚ್ಚಿದ ಡಬ್ಬಿಯಲ್ಲಿ. ಮೇಲಿದ್ದರೆ ರಸ ತೊಟ್ಟಿಕ್ಕಿ ಎಲ್ಲರದ್ದೂ ಕೆಡುತ್ತದೆ. ಇದು ಆರೋಗ್ಯದ ನಿಯಮವೂ ಹೌದು. ಮೈಕ್ರೋವೇವ್‌ಗೆ ಮುಚ್ಚಳ ಇರಲಿ.

ತಪ್ಪಿ ಬಳಸಿದ್ದಾದರೆ? ಎಲ್ಲರ ಶುದ್ಧಿಯೂ ಒಂದೇ ಅಲ್ಲ. ಶಾಫಿ ಪಂಥದ ಮುಸ್ಲಿಮರಲ್ಲಿ ಹಂದಿ ತಾಗಿದ ಪಾತ್ರೆಯನ್ನು 7 ಸಲ ತೊಳೆಯುವ, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಿಂದ ತೊಳೆಯುವ ಕ್ರಮವಿದೆ. ಯೆಹೂದಿಗಳಲ್ಲಿ ಲೋಹದ ಪಾತ್ರೆಯನ್ನು ಚೆನ್ನಾಗಿ ತೊಳೆದು, 24 ಗಂಟೆ ಬಳಸದೆ ಬಿಟ್ಟು, ಕುದಿಯುವ ನೀರಿನಲ್ಲಿ ಪೂರ್ತಿ ಮುಳುಗಿಸುತ್ತಾರೆ. ಬೆಂಕಿಯ ಮೇಲೆ ನೇರ ಸುಡುವ ಕಬ್ಬಿಣವನ್ನು ಕಾಯಿಸಿ ಕೆಂಪಗೆ ಮಾಡಬೇಕು. ಮಣ್ಣಿನ ಪಾತ್ರೆಗೆ ಶುದ್ಧಿಯೇ ಇಲ್ಲ. ಆದ್ದರಿಂದ ‘ಸೋಪು ಹಾಕಿ ತೊಳೆದಿದ್ದೇನೆ’ ಎಂದು ವಾದಿಸಬೇಡಿ. ಏನಾಯಿತೆಂದು ಹೇಳಿ, ಅವರು ಕೇಳಿದರೆ ಹೊಸ ಪಾತ್ರೆ ಕೊಡಿಸಿ.

ಪ್ರಶ್ನೆ: ಅತಿಥಿ ತಿನ್ನಬಾರದ್ದನ್ನು ಗೊತ್ತಿಲ್ಲದೆ ತಿಂದುಬಿಟ್ಟರು. ಹೇಳಬೇಕೇ, ಸುಮ್ಮನಿರಬೇಕೇ?

ಉತ್ತರ: ಹೇಳಬೇಕು. ಆಗಲೇ, ಅವರನ್ನು ಪಕ್ಕಕ್ಕೆ ಕರೆದು, ಎಷ್ಟು, ಯಾವುದರಲ್ಲಿ ಎಂಬುದನ್ನು ನೇರವಾಗಿ ಹೇಳಿ. ಅರಿಯದೆ ಆದದ್ದಕ್ಕೂ ಬೇಕೆಂದು ಮಾಡಿದ್ದಕ್ಕೂ ಹೆಚ್ಚಿನ ಸಂಪ್ರದಾಯಗಳು ವ್ಯತ್ಯಾಸ ಮಾಡುತ್ತವೆ, ಆದರೆ ಆ ಸಮಾಧಾನವನ್ನು ನೀವು ಹೇಳಬೇಡಿ. ‘ಏನೂ ಆಗಲ್ಲ ಬಿಡಿ’ ಎಂಬ ಮಾತಿಗೆ ಮನುಷ್ಯರು ಮನಸ್ತಾಪ ಮಾಡಿಕೊಂಡಷ್ಟು ಆ ತುತ್ತಿಗೆ ಮಾಡಿಕೊಂಡಿಲ್ಲ. ಬೇಕೆಂದೇ ಮೋಸದಿಂದ ತಿನ್ನಿಸಿ ಆಮೇಲೆ ನಗುವವರ ಬಗ್ಗೆ ಈ ಅಂಕಣದಲ್ಲಿ ಸಲಹೆಯಿಲ್ಲ, ಅದು ದೂರು ಕೊಡುವ ವಿಷಯ.

ಪ್ರಶ್ನೆ: ಎಲ್ಲ ಕಡೆ ಸಸ್ಯಾಹಾರವನ್ನೇ ಇಟ್ಟರೆ ತಕರಾರೇ ಇರದಲ್ಲ?

ಉತ್ತರ: ಒಂದು ಮಧ್ಯಾಹ್ನದ ಊಟಕ್ಕೆ ಸರಿ. ದಿನನಿತ್ಯದ ಕ್ಯಾಂಟೀನಿಗೆ ಹಾಗೆ ಮಾಡಿದರೆ ಒಬ್ಬರ ನೇಮವನ್ನು ಎಲ್ಲರ ಮೇಲೆ ಹೇರಿದಂತಾಗಿ ಹೊಸ ಜಗಳ. ಮೇಲೆ ಹೇಳಿದಂತೆ ಈರುಳ್ಳಿ, ಬೆಣ್ಣೆ, ಪಾತ್ರೆಯ ಪ್ರಶ್ನೆಗಳು ಆಗಲೂ ಉಳಿಯುತ್ತವೆ. ಇದೇ ತಕರಾರು ಫ್ರಾನ್ಸಿನಲ್ಲಿ ನ್ಯಾಯಾಲಯದವರೆಗೂ ಹೋಗಿತ್ತು: ಶಾಲಾ ಕ್ಯಾಂಟೀನಿನಲ್ಲಿ ಹಂದಿಮಾಂಸದ ಬದಲಿ ಊಟ ಕೊಡಲೇಬೇಕೆಂದಿಲ್ಲ, ಕೊಡಲು ಅಡ್ಡಿಯೂ ಇಲ್ಲ ಎಂದು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ 2020ರ ಡಿಸೆಂಬರ್‌ನಲ್ಲಿ ಹೇಳಿತು. ಅಂದರೆ ಆಯ್ಕೆ ಮತ್ತೆ ಕ್ಯಾಂಟೀನು ನಡೆಸುವವರದ್ದೇ.

ಪ್ರಶ್ನೆ: ವಿಮಾನದಲ್ಲಿ ‘ಹಿಂದೂ ಊಟ’ ಕೇಳಿದ್ದೆ, ಕೋಳಿ ಬಂತು!

ಉತ್ತರ: ಅವರು ತಪ್ಪು ಮಾಡಿಲ್ಲ. ವಿಮಾನಗಳ ಊಟದ ಸಂಕೇತಗಳಲ್ಲಿ ಎಚ್‌ಎನ್‌ಎಂಎಲ್ ಎಂದರೆ ದನದ ಮಾಂಸವಿಲ್ಲದ ಊಟ. ಕೋಳಿ, ಮೀನು ಇರಬಹುದು. ಭಾರತೀಯ ಶೈಲಿಯ ಸಸ್ಯಾಹಾರಕ್ಕೆ ಎವಿಎಂಎಲ್, ಜೈನ ಊಟಕ್ಕೆ ವಿಜೆಎಂಎಲ್, ಮುಸ್ಲಿಂ ಊಟಕ್ಕೆ ಎಂಒಎಂಎಲ್, ಕೋಷರ್‌ಗೆ ಕೆಎಸ್‌ಎಂಎಲ್. ಎಲ್ಲ ವಿಮಾನದಲ್ಲೂ ಎಲ್ಲವೂ ಸಿಗುವುದಿಲ್ಲ. ಸಾಮಾನ್ಯವಾಗಿ ಹೊರಡುವ 24ರಿಂದ 48 ಗಂಟೆ ಮೊದಲೇ ಹೇಳಿರಬೇಕು. ಪ್ರಯಾಣದ ದಿನಾಂಕ ಬದಲಿಸಿದರೆ ಊಟದ ಕೋರಿಕೆ ತಾನಾಗಿ ಹೊಸ ಟಿಕೆಟಿಗೆ ಬಂದಿರುತ್ತದೆಂದು ನೆಚ್ಚಬೇಡಿ, ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.