ಸಂಪಾದಕರ ಉತ್ತರ: ಯುದ್ಧದ ಲೆಕ್ಕ ಕೇಳಿದವರು ಯಾರು?

ಪ್ರಿಯ ಮೇಷ್ಟರೇ,

ಹಾಸನದಿಂದ ನೀವು ಬರೆದ ಪತ್ರ ಎರಡು ವಾರದಿಂದ ನನ್ನ ಮೇಜಿನ ಮೇಲೇ ಇದೆ. ಯೂರೋಪಿನ ಮೂವತ್ತು ವರ್ಷದ ಯುದ್ಧವನ್ನು ಮುಗಿಸಿದ 1648ರ ವೆಸ್ಟ್‌ಫೇಲಿಯಾ ಒಪ್ಪಂದದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಪಿಯುಸಿ ಓದುವ ಮೊಮ್ಮಗನಿಗೆ ಓದಿ ಹೇಳಿದಿರಂತೆ. "ಹಾಗಾದ್ರೆ ಯುದ್ಧ ಆಗದ ದೇಶ ಉದ್ಧಾರ ಆಗಲ್ವಾ ತಾತ?" ಎಂದು ಅವನು ಕೇಳಿದ, ವರ್ಷಗಟ್ಟಲೆ ಇತಿಹಾಸ ಪಾಠ ಮಾಡಿದ ನಿಮಗೂ ತಕ್ಷಣ ಉತ್ತರ ಹೊಳೆಯಲಿಲ್ಲ ಎಂದಿದ್ದೀರಿ. ತಪ್ಪು ನಮ್ಮದು. ಯೂರೋಪಿನ ರಾಜ್ಯವ್ಯವಸ್ಥೆ ಯುದ್ಧಗಳಿಂದ ರೂಪುಗೊಂಡಿತು ಎಂದು ಬರೆದೆವು, ಹೇಗೆ ಎಂದು ಹೇಳಲಿಲ್ಲ.

ಯುದ್ಧಕ್ಕೆ ದುಡ್ಡು ಬೇಕು. ಖಜಾನೆ ಬರಿದಾದಾಗ ಅರಸ ಪ್ರಜೆಗಳ ಮುಂದೆ ಕೈಚಾಚಬೇಕು. ಆಗ ಅವರು ಏನು ಕೇಳಿದರು, ಅವನು ಏನು ಕೊಟ್ಟ ಎಂಬುದರ ಮೇಲೆ ಒಂದೊಂದು ದೇಶದ ಹಣೆಬರಹ ನಿಂತಿತು. ಇಂಗ್ಲೆಂಡಿನ ಒಂದನೇ ಚಾರ್ಲ್ಸ್‌ ಹನ್ನೊಂದು ವರ್ಷ ಸಂಸತ್ತನ್ನೇ ಕರೆಯದೆ ಆಳಿದವನು. ನೌಕಾಪಡೆಗೆಂದು ಕರಾವಳಿ ಊರುಗಳಿಂದ ಎತ್ತುತ್ತಿದ್ದ 'ಹಡಗಿನ ಹಣ'ವನ್ನು ಅವನು 1635ರಲ್ಲಿ ಒಳನಾಡಿಗೂ ಹೇರಿದ. ಸಮುದ್ರವೇ ಇಲ್ಲದ ಬಕಿಂಗ್‌ಹ್ಯಾಮ್‌ಶೈರಿನ ಜಾನ್ ಹ್ಯಾಂಪ್‌ಡನ್ ಎಂಬ ಜಮೀನ್ದಾರ ತನ್ನ ಪಾಲಿಗೆ ಬಂದ ಇಪ್ಪತ್ತು ಶಿಲಿಂಗ್ ಕಟ್ಟುವುದಿಲ್ಲ ಎಂದ. ಅವನಿಗೆ ಅದು ಜುಜುಬಿ ಮೊತ್ತ. ಆದರೆ ನಮ್ಮನ್ನು ಕೇಳದೆ ತೆರಿಗೆ ಹಾಕಲು ನೀನು ಯಾರು ಎಂಬುದು ಅವನ ಪ್ರಶ್ನೆಯಾಗಿತ್ತು. ಹನ್ನೆರಡು ನ್ಯಾಯಾಧೀಶರಲ್ಲಿ ಏಳು ಜನ ಅರಸನ ಕಡೆ, ಐವರು ಹ್ಯಾಂಪ್‌ಡನ್ ಕಡೆ. ಸೋತದ್ದು ಹ್ಯಾಂಪ್‌ಡನ್, ಆದರೆ ಆ ಐದು ಮತಗಳನ್ನು ಇಡೀ ದೇಶ ಎಣಿಸಿಕೊಂಡಿತು.

ಅಷ್ಟರಲ್ಲಿ ಸ್ಕಾಟರು ದಂಗೆಯೆದ್ದರು. 1640ರಲ್ಲಿ ಚಾರ್ಲ್ಸ್‌ ಸಂಸತ್ತನ್ನು ಕರೆಯಲೇಬೇಕಾಯಿತು. ಮೊದಲು ನಮ್ಮ ದೂರು, ಆಮೇಲೆ ನಿಮ್ಮ ದುಡ್ಡು ಎಂದು ಸದಸ್ಯರು ಪಟ್ಟು ಹಿಡಿದರು. ಮುಂದಿನದು ನೀವೇ ಪಾಠ ಮಾಡಿದ್ದು: ಅಂತರ್ಯುದ್ಧ, 1649ರಲ್ಲಿ ಅರಸನ ಶಿರಚ್ಛೇದ, ಕೊನೆಗೆ ಸಂಸತ್ತಿನ ಒಪ್ಪಿಗೆಯಿಲ್ಲದೆ ತೆರಿಗೆಯೂ ಇಲ್ಲ, ಶಾಂತಿಕಾಲದಲ್ಲಿ ಸೈನ್ಯವೂ ಇಲ್ಲ ಎಂಬ 1689ರ ಕಾನೂನು. ಇದರಿಂದ ದೊರೆಯ ಕೈ ಕಟ್ಟಿತು, ಆದರೆ ಸಾಲ ಕೊಡುವವರಿಗೆ ನಂಬಿಕೆ ಬಂತು. 1694ರಲ್ಲಿ ಫ್ರಾನ್ಸಿನ ಮೇಲಿನ ಯುದ್ಧಕ್ಕೆಂದು ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿದಾಗ 12 ಲಕ್ಷ ಪೌಂಡ್ ಎರಡೇ ವಾರದೊಳಗೆ ಕೂಡಿತು.

ಫ್ರಾನ್ಸಿನ ಅರಸರು 1614ರಿಂದ 1789ರವರೆಗೆ, ಅಂದರೆ 175 ವರ್ಷ, ಸಂಸತ್ತಿನಂಥ ತಮ್ಮ ಮಹಾಸಭೆಯನ್ನು ಕರೆಯದೆ ತಪ್ಪಿಸಿಕೊಂಡರು. ಬ್ರಿಟನ್ನಿನ ವಿರುದ್ಧ ಅಮೆರಿಕನ್ನರು ಹೂಡಿದ ಸ್ವಾತಂತ್ರ್ಯ ಯುದ್ಧಕ್ಕೆ ನೆರವಾಗಲು ಹೋಗಿ ಅವರು ಸಾಲದಲ್ಲಿ ಮುಳುಗಿದರು. ಆ ಯುದ್ಧ ನಮ್ಮ ಮನೆಬಾಗಿಲಿಗೂ ಬಂದಿತ್ತು ಎಂಬುದನ್ನು ಮೊಮ್ಮಗನಿಗೆ ಖಂಡಿತ ಹೇಳಿ. ಅದೇ ಜಗಳದ ನೆಪದಲ್ಲಿ ಬ್ರಿಟಿಷರು 1779ರಲ್ಲಿ ಮಲಬಾರ್ ಕರಾವಳಿಯಲ್ಲಿದ್ದ ಫ್ರೆಂಚರ ಮಾಹೆ ಬಂದರನ್ನು ಹಿಡಿದರು. ಹೈದರಾಲಿಗೆ ಮದ್ದುಗುಂಡು ಬರುತ್ತಿದ್ದದ್ದು ಆ ದಾರಿಯಿಂದಲೇ. ಮರುವರ್ಷ ಅವನ ಸೈನ್ಯ ಬ್ರಿಟಿಷರ ಮೇಲೆ ಘಟ್ಟ ಇಳಿಯಿತು. ಅತ್ತ ಪ್ಯಾರಿಸ್ಸಿನಲ್ಲಿ 1788ರ ಹೊತ್ತಿಗೆ ಸರ್ಕಾರದ ಖರ್ಚಿನಲ್ಲಿ ಹತ್ತಿರ ಹತ್ತಿರ ಅರ್ಧ ಸಾಲದ ಬಾಬ್ತಿಗೇ ಹೋಗುತ್ತಿತ್ತು. ಮಹಾಸಭೆ ಕರೆದರು, ಕ್ರಾಂತಿಯಾಯಿತು.

ಆದರೆ ಯುದ್ಧ ನಡೆದ ಕಡೆಯೆಲ್ಲ ಜನರ ಕೈ ಮೇಲಾಯಿತು ಎಂದುಕೊಂಡರೆ ಎಡವಿದಂತೆ. ಮುಂದೆ ಪ್ರಷ್ಯ ಎನಿಸಿಕೊಂಡ ಜರ್ಮನ್ ರಾಜ್ಯ ಬ್ರಾಂಡೆನ್‌ಬರ್ಗಿನ ದೊರೆ ಫ್ರೆಡರಿಕ್ ವಿಲಿಯಂ 1653ರಲ್ಲಿ ಜಮೀನ್ದಾರರ ಜೊತೆ ಬೇರೆಯೇ ವ್ಯವಹಾರ ಕುದುರಿಸಿದ. ಸೈನ್ಯಕ್ಕೆ ಆರು ವರ್ಷ ಹಣ ಅವರು ಕೊಡಬೇಕು. ಬದಲಿಗೆ ರೈತಾಳುಗಳ ಮೇಲೆ ಅವರ ಹಿಡಿತಕ್ಕೆ ಅವನು ಮುದ್ರೆಯೊತ್ತಬೇಕು. ಲೆಕ್ಕ ಅರಸನಿಗೂ ಜಮೀನ್ದಾರನಿಗೂ ಚುಕ್ತಾ ಆಯಿತು, ತೆತ್ತವನು ರೈತ. ನೆಪೋಲಿಯನ್ನನ ಕೈಲಿ ಸೋತ ಮೇಲೆ, 1807ರಲ್ಲಿ, ಪ್ರಷ್ಯದಲ್ಲಿ ಆ ಜೀತ ರದ್ದಾಗುವ ಆಜ್ಞೆ ಬಂತು. ಪೋಲೆಂಡಿನ ಸಂಸತ್ತಿನಲ್ಲಿ ಒಬ್ಬನೇ ಸದಸ್ಯ ಬೇಡವೆಂದರೂ ಸಭೆ ಮುರಿಯುತ್ತಿತ್ತು. ತೆರಿಗೆ ಏಳಲಿಲ್ಲ, ಸೈನ್ಯ ಬೆಳೆಯಲಿಲ್ಲ. 1772, 1793, 1795ರಲ್ಲಿ ನೆರೆಯ ದೇಶಗಳು ಪೋಲೆಂಡನ್ನೇ ಹಂಚಿಕೊಂಡವು.

ನಮ್ಮ ಲೇಖನದಲ್ಲಿ ಬಿಟ್ಟುಹೋದ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತಿದೆ. ಮೂವತ್ತು ವರ್ಷದ ಯುದ್ಧದಲ್ಲಿ ಕೂಲಿ ಸೈನಿಕನಾಗಿದ್ದ ಪೀಟರ್ ಹಾಗೆನ್‌ಡಾರ್ಫ್‌ ಬರೆದದ್ದೆಂದು ಗುರುತಿಸಲಾದ ದಿನಚರಿ ಒಂದು ಉಳಿದಿದೆ. 1631ರ ಮೇ 20ರಂದು ಜರ್ಮನಿಯ ಮ್ಯಾಗ್ಡೆಬರ್ಗ್‌ ನಗರಕ್ಕೆ ನುಗ್ಗಿದವರಲ್ಲಿ ಅವನೂ ಇದ್ದ, ಗುಂಡೇಟು ತಿಂದು ಬಿದ್ದ. ಗಾಯಕ್ಕೆ ಕಟ್ಟಲು ಬಟ್ಟೆ, ತಲೆಗೊಂದು ದಿಂಬು ತರಲು ಅವನ ಹೆಂಡತಿ ಹೊತ್ತಿ ಉರಿಯುವ ಊರೊಳಗೆ ಹೋದಳು. ಅಂದು ಅಲ್ಲಿ ಸತ್ತವರು ಸುಮಾರು ಇಪ್ಪತ್ತು ಸಾವಿರ. ಅಷ್ಟು ಚೆಂದದ ಊರು, ನನ್ನ ನಾಡಿನದೇ, ಹೀಗೆ ಸುಟ್ಟುಹೋಯಿತಲ್ಲ ಎಂದು ಅದನ್ನು ಮುತ್ತಿದವನೇ ಮರುಗಿ ಬರೆದುಕೊಂಡಿದ್ದಾನೆ. ಆ ಯುದ್ಧ ಮುಗಿಯುವುದರೊಳಗೆ ಮೊದಲ ಹೆಂಡತಿಯನ್ನೂ ಹೆಚ್ಚಿನ ಮಕ್ಕಳನ್ನೂ ಅವನು ಮಣ್ಣು ಮಾಡಿದ್ದ. ವೆಸ್ಟ್‌ಫೇಲಿಯಾ ಎಂದು ಬರೆಯುವಾಗ ಇದನ್ನು ಬಿಡಬಾರದಿತ್ತು.

ಮೊಮ್ಮಗನ ಪ್ರಶ್ನೆಗೆ ನನ್ನ ಉತ್ತರ: ಇಲ್ಲ ಮಗು. ಹಕ್ಕು ತಂದದ್ದು ಹ್ಯಾಂಪ್‌ಡನ್‌ನಂಥವರ ಹಟ. ಯುದ್ಧ ಅವರಿಗೆ ಒಂದು ಸಂದರ್ಭ ಒದಗಿಸಿತು, ಅಷ್ಟೆ. ಯುದ್ಧವಿಲ್ಲದೆಯೂ ಕೂತು ಮಾತಾಡಿ ರಾಜ್ಯ ಕಟ್ಟಬಹುದು ಎಂದು ಅದೇ ಯೂರೋಪು ಕೊನೆಗೆ ಯತ್ನಿಸಿತು. ಆ ಯತ್ನಕ್ಕೆ ಮುಂದಾದ ರಾಬರ್ಟ್ ಶೂಮನ್ ಅವರ ತಂದೆಯ ಊರು ಲೊರೇನಿನಲ್ಲಿ. 1871ರಲ್ಲಿ ಫ್ರಾನ್ಸಿನಿಂದ ಜರ್ಮನಿ ಕಿತ್ತುಕೊಂಡ ನೆಲವದು. ಹಾಗಾಗಿ ಮಗ ಹುಟ್ಟುವಾಗ ಜರ್ಮನ್ ಪ್ರಜೆ, ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರೆಂಚ್ ಪ್ರಜೆ. ಅವರೇ 1950ರ ಮೇ 9ರಂದು, ಫ್ರಾನ್ಸಿನ ವಿದೇಶಾಂಗ ಮಂತ್ರಿಯಾಗಿ, ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಆಡಳಿತದ ಕೆಳಗೆ ತರೋಣ ಎಂದರು. ಫಿರಂಗಿ ಎರಕ ಹೊಯ್ಯಲು ಬೇಕಾದದ್ದು ಆ ಎರಡೇ ತಾನೇ. ಮರುವರ್ಷ ಆರು ದೇಶಗಳು ಆ ಒಪ್ಪಂದಕ್ಕೆ ಸಹಿ ಹಾಕಿದವು.

— ಸಂ.