ಹದಿನೈದು ದಿನದಲ್ಲಿ ಟ್ರೇನರ್ ಆಗಬಹುದಾ ಮೇಡಂ?

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಸಲಹೆ ಕೇಳಲು ನನ್ನ ಬಳಿ ಬಂದವರನ್ನು ಇಲ್ಲಿ ಸುಮಾ ಅಂತ ಕರೆಯೋಣ.)

ಸುಮಾಗೆ 38 ವರ್ಷ. ಜಿಲ್ಲಾ ಕೇಂದ್ರವೊಂದರ ಖಾಸಗಿ ನರ್ಸರಿಯಲ್ಲಿ 11 ವರ್ಷದಿಂದ ಟೀಚರ್. ಓದಿದ್ದು ಪಿಯುಸಿ. ಮೊಬೈಲ್ ತೆಗೆದು ಒಂದು ಜಾಹೀರಾತು ತೋರಿಸಿದರು. 15 ದಿನದ ಆನ್‌ಲೈನ್ ಕೋರ್ಸ್, ಮುಗಿದ ಮೇಲೆ 'ಸರ್ಟಿಫೈಡ್ ಮಾಸ್ಟರ್ ಟ್ರೇನರ್' ಅಂತ ಪ್ರಮಾಣಪತ್ರ, ಆಮೇಲೆ ನರ್ಸರಿ ಟೀಚರ್‌ಗಳಿಗೆ ಮಾತ್ರ ಅಲ್ಲ, ಅಂಗನವಾಡಿ ಕಾರ್ಯಕರ್ತೆಯರಿಗೂ ತರಬೇತಿ ಕೊಡಬಹುದಂತೆ. ಶುಲ್ಕ 28 ಸಾವಿರ. ಗಂಡ ಬೇಡ ಅಂದಿದ್ದಾರೆ. ಬಳೆ ಅಡ ಇಟ್ಟಾದರೂ ಸೇರಬೇಕು ಅಂತ ಇವರ ಹಟ.

ಯಾಕೆ ಇಷ್ಟು ಹಟ ಅಂತ ಕೇಳಿದೆ. ಮೊದಲು ಸಂಬಳದ ಮಾತು ಬಂತು. ಸ್ವಲ್ಪ ಹೊತ್ತಾದ ಮೇಲೆ ನಿಜವಾದ ಕಾರಣ ಬಂತು: "ನಮ್ಮ ನಾದಿನಿ ಹೈಸ್ಕೂಲ್ ಟೀಚರ್, ಮೇಡಂ. ಮನೆಗೆ ಯಾರಾದ್ರೂ ಬಂದ್ರೆ ಅವಳನ್ನ ಟೀಚರ್ ಅಂತಾರೆ. ನನ್ನನ್ನ ಮಾತ್ರ, ಇವಳು ಸುಮ್ನೆ ಮಕ್ಕಳನ್ನ ಆಡಿಸೋಕೆ ಹೋಗ್ತಾಳೆ ಅಂತಾರೆ."

ಈ ಮಾತನ್ನು ಈ ಕೆಲಸದಲ್ಲಿರುವ ಎಷ್ಟೋ ಹೆಣ್ಣುಮಕ್ಕಳ ಬಾಯಲ್ಲಿ ಕೇಳಿದ್ದೇನೆ, ಪ್ರತಿ ಸಲವೂ ಸಿಟ್ಟು ಬರುತ್ತದೆ. ಮಿದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಬರೆದಿದೆ. ಆ ವಯಸ್ಸಿನ ಮಕ್ಕಳ ಜೊತೆ ದಿನಾ ಕೂರುವವರನ್ನು ಟೀಚರ್ ಅನ್ನಲು ಮನೆಯವರಿಗೆ ಮನಸ್ಸಿಲ್ಲ. ಆದರೆ ಪ್ರಮಾಣಪತ್ರ ತಂದು ಗೋಡೆಗೆ ಹಾಕಿದ ಮಾತ್ರಕ್ಕೆ ಈ ನೋವು ಹೋಗುವುದಿಲ್ಲ. ಎರಡನ್ನೂ ಬೇರೆ ಬೇರೆ ಇಟ್ಟು ನೋಡೋಣ ಅಂದೆ.

ಮೊದಲು ಜಾಹೀರಾತು. ಅಂಗನವಾಡಿ ತರಬೇತಿ ಸರ್ಕಾರದ ವ್ಯವಸ್ಥೆಯೊಳಗೇ ನಡೆಯುತ್ತದೆ. ಕಾರ್ಯಕರ್ತೆಯರ ತರಬೇತಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಶುರು ಮಾಡಿದ 'ಪೋಷಣ್ ಭೀ ಪಢಾಯಿ ಭೀ' (ಪೋಷಣೆಯೂ ಓದೂ) ಕಾರ್ಯಕ್ರಮವನ್ನೇ ನೋಡಿ. ಸಿಡಿಪಿಒಗಳು (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು), ಮೇಲ್ವಿಚಾರಕಿಯರಂಥವರು ಮೊದಲು ಮಾಸ್ಟರ್ ಟ್ರೇನರ್ ಆಗಿ ತರಬೇತಿ ಪಡೆದು, ಆಮೇಲೆ ಕಾರ್ಯಕರ್ತೆಯರಿಗೆ ಕಲಿಸುತ್ತಾರೆ. ಹೊರಗಿನವರು ಖಾಸಗಿ ಪ್ರಮಾಣಪತ್ರ ಹಿಡಿದುಕೊಂಡು ಹೋದರೆ ಅಲ್ಲಿ ಬಾಗಿಲು ತೆರೆಯುವುದಿಲ್ಲ. ಕೌಶಲ್ಯ ಕೋರ್ಸ್‌ಗಳ ಟ್ರೇನರ್ ಪ್ರಮಾಣಪತ್ರ ಅಂತ ಇದೆ, ನಿಜ. ಆದರೆ ಅದನ್ನು ಕೊಡುವ ಸಂಸ್ಥೆಗೆ ಎನ್‌ಸಿವಿಇಟಿ (ಕೌಶಲ್ಯ ತರಬೇತಿಯನ್ನು ನಿಯಂತ್ರಿಸುವ ಕೇಂದ್ರ ಸರ್ಕಾರದ ಮಂಡಳಿ) ಮಾನ್ಯತೆ ಇದೆಯಾ ಅಂತ ನೋಡಬೇಕು. "ಫೋನ್ ಮಾಡಿ ಇದೊಂದೇ ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಕಳಿಸಿ ಅನ್ನಿ" ಅಂದೆ. ನನ್ನ ಎದುರಿಗೇ ಮಾಡಿದರು. ಅತ್ತ ಕಡೆಯವರು ಇವತ್ತೇ ದುಡ್ಡು ಕಟ್ಟಿದರೆ ರಿಯಾಯಿತಿ ಇದೆ ಅಂದರು. ಮಾನ್ಯತೆಯ ಬಗ್ಗೆ ಒಂದು ಮಾತೂ ಇಲ್ಲ.

ಆಮೇಲೆ ನಾನೇ ಹೊಸ ಟೀಚರ್ ಆಗಿ ಕೂತೆ. "ಏನಾದ್ರೂ ಒಂದು ಕಲಿಸಿ" ಅಂದೆ. ಸುಮಾ ಬ್ಯಾಗಿನಿಂದ ಹುಣಸೆಬೀಜದ ಡಬ್ಬಿ ತೆಗೆದರು, ಜೊತೆಗೆ ಒಂದು ಫೈಲ್. ಫೈಲ್ ನೋಡಿಕೊಂಡು ಬೆಳವಣಿಗೆಯ ಹಂತಗಳನ್ನು ಓದತೊಡಗಿದರು. ದನಿ ಗಟ್ಟಿಯಾಯಿತು, ಕಣ್ಣು ಕಾಗದ ಬಿಟ್ಟು ಏಳಲಿಲ್ಲ. ನಡುವೆ ತಡೆದು ಕೇಳಿದೆ: "ನನ್ನ ಕ್ಲಾಸಲ್ಲಿ ಎರಡೂವರೆ ವರ್ಷದವರೂ ಇದ್ದಾರೆ. ಬೀಜ ಬಾಯಿಗೆ ಹಾಕಿಕೊಂಡ್ರೆ?" ತಕ್ಷಣ ಫೈಲ್ ಮುಚ್ಚಿದರು. "ಅಯ್ಯೋ, ಅವರಿಗೆ ಬೀಜ ಕೊಡಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಅವರಿಗೆ ದೊಡ್ಡ ಡಬ್ಬಿ ಮುಚ್ಚಳ ಕೊಡಿ. ಬೀಜ ಆಡೋ ಮಕ್ಕಳನ್ನ ನಿಮ್ಮ ಮುಂದೇನೇ ಕೂರಿಸಿಕೊಳ್ಳಿ. ಕೊಡೋವಾಗ ಎಣಿಸಿ ಕೊಡಿ, ವಾಪಸ್ ತಗೊಳ್ಳೋವಾಗಲೂ ಎಣಿಸಿ." ನಿಮಗೆ ಏನು ಅನ್ನಿಸುತ್ತದೆ, ನೀವೇ ಒಂದು ಸಲ ಮಾಡಿ ತೋರಿಸಿ ಅಂತ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

"ಇದೇ ಟ್ರೇನಿಂಗ್, ಸುಮಾ. ಫೈಲ್ ಓದಿದ್ದು ಅಲ್ಲ" ಅಂದೆ. ಮಕ್ಕಳ ಜೊತೆ ಎಷ್ಟೇ ಚೆನ್ನಾಗಿದ್ದರೂ ದೊಡ್ಡವರಿಗೆ ಕಲಿಸುವುದು ಬೇರೆಯದೇ ಕೆಲಸ. ಅವರಿಗೆ ಈಗಾಗಲೇ ಅನುಭವ ಇರುತ್ತದೆ, ಅಭ್ಯಾಸ ಕೂತಿರುತ್ತದೆ, ಎಲ್ಲರ ಮುಂದೆ ತಪ್ಪು ಅನ್ನಿಸಿಕೊಳ್ಳುವ ಭಯವೂ ಇರುತ್ತದೆ. ಹಾಗಾಗಿ ಅವರ ತರಗತಿಯಲ್ಲಿ ಸುಮ್ಮನೆ ಕೂತು ನೋಡಿ, ಕಂಡದ್ದನ್ನು ಬರೆದುಕೊಂಡು, ಆಮೇಲೆ ನೋವಾಗದ ಹಾಗೆ ಹೇಳುವುದು ಬರಬೇಕು. ಇದು 15 ದಿನದ ವಿಡಿಯೊ ನೋಡಿ ಬರುವಂಥದ್ದಲ್ಲ.

ಓದಿನ ದಾರಿಯ ಬಗ್ಗೆಯೂ ಮಾತಾಡಿದೆವು. ದೂರಶಿಕ್ಷಣ ಕೊಡುವ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಶಿಶುಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾ ಇದೆ. ಪಿಯುಸಿ ಸಾಕು, ಕನಿಷ್ಠ ಒಂದು ವರ್ಷ, ಪ್ರಾಜೆಕ್ಟ್ ಕೆಲಸವೂ ಇದೆ. ಯಾವ ಮಾಧ್ಯಮದಲ್ಲಿ ಪುಸ್ತಕ ಸಿಗುತ್ತದೆ, ಹತ್ತಿರದ ಕೇಂದ್ರ ಯಾವುದು ಅಂತ ಸೇರುವ ಮೊದಲೇ ವಿಚಾರಿಸಿ ಅಂದೆ. ಎನ್‌ಸಿಟಿಇ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಡಿಪಿಎಸ್ಇ, ಅಂದರೆ ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾ, ಎರಡು ವರ್ಷದ್ದು, ತರಗತಿಗೆ ಹೋಗಲೇಬೇಕು, ಮನೆ ಮತ್ತು ಕೆಲಸದ ನಡುವೆ ಅವರಿಗೆ ಅದು ಕಷ್ಟ. ಮಾಂಟೆಸ್ಸರಿ ಪದ್ಧತಿಯಲ್ಲಿ ಟ್ರೇನರ್ ಆಗುವ ದಾರಿ ಇನ್ನೂ ಉದ್ದ. ಮೊದಲು ಆ ಪದ್ಧತಿಯದೇ ಡಿಪ್ಲೊಮಾ, ಆಮೇಲೆ ವರ್ಷಗಟ್ಟಲೆ ಮಕ್ಕಳ ಜೊತೆ ಕೆಲಸ, ಆಮೇಲೆ ಟ್ರೇನರ್‌ಗಳಿಗಾಗಿಯೇ ಇರುವ ತರಬೇತಿ.

ಬಳೆ ಅಡ ಇಡುವುದು ಬೇಡ ಅಂದೆ. ಗಂಡನ ಜೊತೆ ಜಗಳ ಆಡುವ ಬದಲು ಖರ್ಚು, ಸಮಯ, ಓದಿನ ದಿನ ಮಕ್ಕಳನ್ನು ನೋಡಿಕೊಳ್ಳುವವರು ಯಾರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಡಿ ಅಂದೆ. ಮನೆಗೆ ಬಂದವರ ಮುಂದೆ ಆ 'ಆಡಿಸೋಕೆ' ಮಾತು ಮತ್ತೆ ಬಂದರೆ ಆಗಲೇ, ಅಲ್ಲೇ, "ನಾನು ನರ್ಸರಿ ಟೀಚರ್" ಅಂತ ಹೇಳಿಬಿಡಿ ಅಂದೆ. ನನ್ನ ರೂಮಲ್ಲಿ ಜೋರಾಗಿ ಹೇಳಿಸಿದೆ. ಮೊದಲ ಸಲ ದನಿ ನಡುಗಿತು.

ಸುಮಾ ಈಗ ಡಿಪ್ಲೊಮಾಗೆ ಅರ್ಜಿ ಹಾಕುವ ತಯಾರಿಯಲ್ಲಿದ್ದಾರೆ. ಶಾಲೆಯಲ್ಲಿ ಹೊಸದಾಗಿ ಸೇರಿದ ಇಬ್ಬರು ಟೀಚರ್‌ಗಳಿಗೆ ಶನಿವಾರ ಮಧ್ಯಾಹ್ನ ಹೇಳಿಕೊಡಲು ಪ್ರಿನ್ಸಿಪಾಲ್ ಒಪ್ಪಿದ್ದಾರೆ, ಸಂಬಳ ಮಾತ್ರ ಜಾಸ್ತಿ ಇಲ್ಲ. ಮೂರು ತಿಂಗಳು ಹಾಗೇ ಮಾಡಿ, ಆದರೆ ಟೀಚರ್‌ಗಳಿಗೆ ತರಬೇತಿ ಕೊಟ್ಟಿದ್ದಕ್ಕೆ ಅನುಭವ ಪತ್ರವನ್ನು ಶಾಲೆಯ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ, ನಾಲ್ಕನೇ ತಿಂಗಳಿನಿಂದ ದುಡ್ಡು ಕೇಳಿ ಅಂತ ಹೇಳಿ ಕಳಿಸಿದ್ದೇನೆ.