ಶಾಸಕರು ಬಜೆಟ್‌ಗೆ ಬರೀ ಕೈ ಎತ್ತುವವರಲ್ಲ

ಹಿರಿಯೂರಿನ ಸ್ನೇಹಿತರೇ, ‘ಬಜೆಟ್ ಸರ್ಕಾರದ್ದು, ತೆರಿಗೆ ಮತ್ತು ಖರ್ಚಿನ ಬಗ್ಗೆ ನಮ್ಮ ಶಾಸಕರು ಮಾತನಾಡಿ ಏನು ಪ್ರಯೋಜನ?’ ಎಂದು ಕೇಳಿದ್ದೀರಿ. ಖಂಡಿತ ಪ್ರಯೋಜನವಿದೆ. ಸಂವಿಧಾನದ 265ನೇ ವಿಧಿಯಂತೆ ಕಾನೂನಿನ ಬಲವಿಲ್ಲದೆ ಒಂದು ಪೈಸೆ ತೆರಿಗೆಯನ್ನೂ ವಸೂಲು ಮಾಡುವಂತಿಲ್ಲ. 203ನೇ ವಿಧಿಯಂತೆ ಇಲಾಖೆಗಳ ಅನುದಾನ ಬೇಡಿಕೆಯನ್ನು (ಖರ್ಚಿಗೆ ಹಣ ಕೇಳುವ ಪ್ರಸ್ತಾವವನ್ನು) ವಿಧಾನಸಭೆ ಒಪ್ಪಬಹುದು, ತಳ್ಳಿಹಾಕಬಹುದು, ಕಡಿತ ಮಾಡಬಹುದು. ಹೆಚ್ಚಿಸಲು ಮಾತ್ರ ಬರುವುದಿಲ್ಲ. ಜಿಎಸ್‌ಟಿ ದರಕ್ಕೆ ಕೇಂದ್ರ ಮತ್ತು ರಾಜ್ಯಗಳ ಸಚಿವರಿರುವ ಜಿಎಸ್‌ಟಿ ಮಂಡಳಿಯ ಶಿಫಾರಸು ಬೇಕು, ನಿಜ. ಆದರೆ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ, ವಾಹನ ತೆರಿಗೆ ರಾಜ್ಯದ ಕೈಯಲ್ಲೇ ಇವೆ.

ನಮ್ಮ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯನ್ನೇ ನೋಡಿ. 2023-24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದಾಗ ಇಲ್ಲಿ ದಾವಣಗೆರೆಯಲ್ಲಿ ನಾವೂ ಹಿಗ್ಗಿದ್ದೆವು. ಘೋಷಣೆ ಬೇರೆ, ಕಾಲುವೆಗೆ ಬಿದ್ದ ಹಣ ಬೇರೆ. ರಾಜ್ಯದ ಬಜೆಟ್ ಪುಸ್ತಕದಲ್ಲಿ ಪ್ರತಿ ಬಾಬತ್ತಿನ ಮುಂದೆ ಹಿಂದಿನ ವರ್ಷದ ಲೆಕ್ಕ, ಅಂದಾಜು, ಪರಿಷ್ಕೃತ ಅಂದಾಜು (ಆಮೇಲೆ ತಿದ್ದಿದ ಅಂದಾಜು) ಅಕ್ಕಪಕ್ಕ ಇರುತ್ತವೆ. ಅಂದಾಜಿಗಿಂತ ಪರಿಷ್ಕೃತ ಅಂಕಿ ಕುಗ್ಗಿದ್ದರೆ ಶಾಸಕರು ಆ ಸಾಲಿನ ಮೇಲೆ ಬೆರಳಿಟ್ಟು, ಏಕೆ ಎಂದು ಸಚಿವರನ್ನು ಕೇಳಲೇಬೇಕು. ಜಲಸಂಪನ್ಮೂಲ ಇಲಾಖೆಯ ಬೇಡಿಕೆ ಚರ್ಚೆಗೆ ಬಂದ ದಿನ ನಿಮ್ಮ ಶಾಸಕರು ಸದನದಲ್ಲಿದ್ದರೇ, ಏನು ಕೇಳಿದರು ಎಂದು ದಯವಿಟ್ಟು ವಿಚಾರಿಸಿ.